ಮಡ್‌ಗಾರ್ಡ್ ಮೇಲಿನ ಯುವರಾಜ

ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಗಂಡುಮಗುವಿಗೆ ಮೂರು ಶಾಸ್ತ್ರಗಳಾಗಬೇಕು. ಹೆಸರಿಡುವುದು, ಜವಳ ತೆಗೆಸುವುದು, ಟ್ರ್ಯಾಕ್ಟರ್ ಮಡ್‌ಗಾರ್ಡ್ ಮೇಲೆ ಕೂರಿಸುವುದು. ಮೊದಲೆರಡಕ್ಕೆ ಅಯ್ಯನವರನ್ನು ಕೇಳಿ ದಿನ ನೋಡುತ್ತಾರೆ. ಮೂರನೆಯದಕ್ಕೆ ಪಂಚಾಂಗ ಬೇಡ, ಮಗುವಿಗೆ ಕತ್ತು ನಿಂತರೆ ಆಯಿತು. ಅಪ್ಪ ಎಡಗೈಯಲ್ಲಿ ಸ್ಟೇರಿಂಗ್ ಹಿಡಿದು, ಬಲಗೈಯಲ್ಲಿ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾನೆ. ಮಗುವನ್ನು ಹಿಡಿದುಕೊಳ್ಳಲು ದೇವರು ಮೂರನೇ ಕೈ ಕೊಟ್ಟಿಲ್ಲ. ಹಾಗಾಗಿ ಆ ಕೆಲಸವನ್ನು ದೇವರಿಗೇ ವಹಿಸಿದ್ದಾನೆ. ಸಂಜೆ ಹೊತ್ತಿಗೆ ವಿಡಿಯೊ ಸ್ಟೇಟಸ್ಸಿಗೆ ಏರುತ್ತದೆ. ಸೋದರಮಾವಂದಿರೆಲ್ಲ ಬೆಂಕಿಯ ಗುರುತು ಒತ್ತುತ್ತಾರೆ. ಹಿನ್ನೆಲೆಯಲ್ಲಿ ಹಾಡು, ಮುನ್ನೆಲೆಯಲ್ಲಿ ಯುವರಾಜ, ಬೆನ್ನ ಹಿಂದೆ ಮಣ್ಣು ಚಿಮ್ಮಿಸುತ್ತಿರುವ ರೋಟವೇಟರ್.

ಮುಂದಿನ ಪಾಠಗಳು ಬೇಗ ಬೇಗ ನಡೆಯುತ್ತವೆ. ಐದಕ್ಕೋ ಆರಕ್ಕೋ ಅಪ್ಪನ ತೊಡೆಯ ಮೇಲೆ ಕೂತು ಸ್ಟೇರಿಂಗ್. ಎಂಟಕ್ಕೆ ಹೈಡ್ರಾಲಿಕ್ ಲಿವರ್. ಹತ್ತಕ್ಕೆ, ಕ್ಲಚ್ಚಿಗೆ ಕಾಲು ಎಟುಕದಿದ್ದರೂ, ನಿಂತುಕೊಂಡೇ ಗಾಡಿ ಹೊಡೆಯುವುದು. 'ನಮ್ ಹುಡ್ಗ ಟ್ರೈಲರ್ ಇದ್ದಂಗೇ ರಿವರ್ಸ್ ಹಾಕ್ತಾನೆ ಕಣಣ್ಣ' ಎಂದು ಟೀ ಅಂಗಡಿಯಲ್ಲಿ ಹೇಳುವ ಅಪ್ಪನ ಗತ್ತು ಐಎಎಸ್ ಪಾಸಾದವನ ಅಪ್ಪನಿಗೂ ಇರುವುದಿಲ್ಲ. ಹುಡುಗನಿಗೆ ಹದಿಮೂರರ ಮಗ್ಗಿ ಬರುತ್ತದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಕೇಳಿದವನೇ ಪೆದ್ದ.

ಟ್ರ್ಯಾಕ್ಟರಿನ ಆರ್‌ಸಿ ತೆಗೆದು ನೋಡಿ. ಆಸನ ಎಷ್ಟು ಎಂಬಲ್ಲಿ ಒಂದು ಎಂದಿರುತ್ತದೆ. ತಯಾರಿಸಿದವನ ಲೆಕ್ಕ ಒಂದು, ಆರ್‌ಟಿಒ ಲೆಕ್ಕ ಒಂದು, ವಿಮೆಯವರ ಲೆಕ್ಕವೂ ಒಂದು. ಲೆಕ್ಕ ತಪ್ಪುವುದು ನಮ್ಮಲ್ಲಿ ಮಾತ್ರ. ಎರಡು ಮಡ್‌ಗಾರ್ಡಿಗೆ ನಾಲ್ಕು ಜನ, ಹಿಂದೆ ಹುಕ್ಕಿನ ಮೇಲೆ ಒಂದು ಕಾಲಿಟ್ಟು ನಿಂತವರು ಇಬ್ಬರು. ಬಾನೆಟ್ಟನ್ನು ಮಾತ್ರ ಆಯುಧಪೂಜೆಯ ಫೋಟೊಗೆಂದು ಖಾಲಿ ಬಿಟ್ಟಿರುತ್ತೇವೆ. ಆಗಬಾರದ್ದು ಆಗಿ ಪ್ರಕರಣ ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಹೋದಾಗ ವಿಮಾ ಕಂಪನಿಯ ವಕೀಲರು ಎದ್ದು ನಿಂತು, ಈ ವಾಹನದಲ್ಲಿ ಚಾಲಕನಿಗಲ್ಲದೆ ಬೇರೆಯವರಿಗೆ ಸೀಟಿಲ್ಲ, ಮಡ್‌ಗಾರ್ಡ್ ಮೇಲೆ ಕೂತವರ ಹೊಣೆ ನಮ್ಮದಲ್ಲ ಎನ್ನುತ್ತಾರೆ. ಎಷ್ಟೋ ಕೇಸುಗಳಲ್ಲಿ ಆ ವಾದ ಗೆದ್ದಿದೆ. ಮಗು ಎಲ್ಲಿ ಕೂರಬಾರದು ಎಂಬುದು ನಮ್ಮ ದೇಶದಲ್ಲಿ ಅತ್ಯಂತ ಸ್ಪಷ್ಟವಾಗಿ ಗೊತ್ತಿರುವುದು ವಿಮೆಯ ವಕೀಲರಿಗೆ. ಅಪ್ಪಂದಿರಿಗೆ ಇನ್ನೂ ಚರ್ಚೆಯ ವಿಷಯ.

'ನಾವೆಲ್ಲ ಹಿಂಗೇ ಬೆಳೆದಿಲ್ವಾ, ನಮಗೇನಾಯ್ತು?' ಇದು ನಮ್ಮೂರ ಕಟ್ಟೆಗಳಲ್ಲಿ ಕೊನೆಯ ಮಾತು. ಇದಕ್ಕೆ ಎದುರಾಡಿದವರಿಲ್ಲ. ಏನಾದರೂ ಆದವರು ಕಟ್ಟೆಗೆ ಬಂದು ಎದುರಾಡುವ ಸ್ಥಿತಿಯಲ್ಲಿ ಇರುವುದಿಲ್ಲ, ಅಷ್ಟೆ. ಈ ಮಾತಾಡುವವರು ಬೆಳೆದದ್ದಾದರೂ ಹೇಗೆ? ಎತ್ತಿನ ಗಾಡಿಯ ಮೂಕಿಯ ಮೇಲೆ ಕೂತು, ಕುಂಟೆಯ ಮೇಲೆ ನಿಂತು, ಕಣದಲ್ಲಿ ರೋಣಗಲ್ಲಿನ ಹಿಂದೆ ಓಡಿ. ಅಲ್ಲಿ ಮಗು ಬಿದ್ದರೆ ಎತ್ತು ನಿಲ್ಲುತ್ತಿತ್ತು. ನಿಲ್ಲದಿದ್ದರೂ ನಡೆಯುತ್ತಿದ್ದದ್ದು ಮನುಷ್ಯನ ನಡಿಗೆಯ ವೇಗದಲ್ಲಿ. 'ಹೋ' ಎಂದು ಕೂಗಿ ಹಗ್ಗ ಜಗ್ಗಲು ಹೊತ್ತಿರುತ್ತಿತ್ತು. ಎತ್ತಿಗೆ ಕಣ್ಣಿತ್ತು, ಕಿವಿಯಿತ್ತು, ಮನೆಯ ಹುಡುಗರ ವಾಸನೆಯ ಗುರುತೂ ಇತ್ತು. ಎತ್ತನ್ನು ಮಾರಿ ಟ್ರ್ಯಾಕ್ಟರ್ ತಂದೆವು. ಎತ್ತಿನ ಜೊತೆಗಿದ್ದ ಸಲಿಗೆಯನ್ನು ಮಾತ್ರ ಮಾರದೆ ಉಳಿಸಿಕೊಂಡೆವು. ಎರಡು ಟನ್ ಕಬ್ಬಿಣಕ್ಕೆ ಆ ಸಲಿಗೆ ಅರ್ಥವಾಗುವುದಿಲ್ಲ. ಹಿಂದಿನ ಟೈರು ನಾಲ್ಕಡಿಗೂ ಮಿಕ್ಕಿ ಎತ್ತರ. ಅದರ ಹಿಂದೆ ಅಡಗಿ ಕೂತ ಮೂರು ವರ್ಷದ ಮಗು ಸೀಟಿನ ಮೇಲಿಂದ ಕಾಣುವುದೇ ಇಲ್ಲ. ಅಪ್ಪ ಹೊಲಕ್ಕೆ ಹೊರಟನೆಂದರೆ ಮಗು ಹಿಂದೆ ಓಡಿ ಬರುತ್ತದೆ. ಅವನು ರಿವರ್ಸ್ ಹಾಕುತ್ತಾನೆ.

ಇನ್ನು ಪಿಟಿಒ. ಟ್ರ್ಯಾಕ್ಟರಿನ ಬೆನ್ನಿನಿಂದ ಹಿಂದಿನ ಯಂತ್ರಕ್ಕೆ ಶಕ್ತಿ ಕೊಡುವ, ಸುತ್ತುತ್ತಲೇ ಇರುವ ಆ ಸರಳು. ಮೆಕ್ಕೆಜೋಳ ಬಿಡಿಸುವುದಕ್ಕೂ ರಾಗಿ ಒಕ್ಕುವುದಕ್ಕೂ ಅದೇ ಬೇಕು. ನಿಮಿಷಕ್ಕೆ 540 ಸುತ್ತು ಎಂದು ಅದರ ಲೆಕ್ಕ, ಸೆಕೆಂಡಿಗೆ 9. ಎಂಟು ಸೆಂಟಿಮೀಟರ್ ದಪ್ಪದ ಸರಳಾದರೆ ಒಂದೇ ಸೆಕೆಂಡಿನಲ್ಲಿ ಎರಡು ಮೀಟರಿಗೂ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ. ಐದು ವರ್ಷದ ಹುಡುಗಿಯ ಲಂಗ ಎಷ್ಟುದ್ದ ಎಂದು ಮನೆಯಲ್ಲಿ ಅಳೆದು ನೋಡಿ. 'ಅಪ್ಪಾ' ಎಂದು ಪೂರ್ತಿ ಕೂಗುವಷ್ಟು ಹೊತ್ತೂ ಅದರಲ್ಲಿ ಉಳಿಯುವುದಿಲ್ಲ. ಈ ಸರಳಿನ ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿಯೇ ಕಂಪನಿಯವರು ಮಾರುತ್ತಾರೆ. ನಮ್ಮಲ್ಲಿ ಅದರ ಆಯಸ್ಸು ಬಹಳ ಕಡಿಮೆ. 'ಗ್ರೀಸ್ ಹೊಡೆಯಾಕೆ ಅಡ್ಡ ಬರ್ತೈತೆ' ಎಂದು ಮೊದಲ ಸುಗ್ಗಿಯಲ್ಲೇ ಕಳಚಿ ಎಸೆಯುತ್ತಾರೆ.

ಭರಮಸಾಗರದ ಕಡೆಯ ಒಂದು ಕಣದಲ್ಲಿ ಮೆಕ್ಕೆಜೋಳದ ಯಂತ್ರ ಓಡುತ್ತಿತ್ತು. ಬೆಲ್ಟು ಬರಿಮೈಯಲ್ಲಿ ತಿರುಗುತ್ತಿತ್ತು. ಅದಕ್ಕೊಂದು ಕಬ್ಬಿಣದ ಜಾಲರಿ ಇರಬೇಕಲ್ಲ, ಎಲ್ಲಿ ಎಂದು ಕೇಳಿದೆ. 'ಐತೆ ಬನ್ನಿ' ಎಂದು ಯಜಮಾನರು ಹೆಮ್ಮೆಯಿಂದಲೇ ಮನೆಯ ಹಿತ್ತಲಿಗೆ ಕರೆದುಕೊಂಡು ಹೋದರು. ಜಾಲರಿ ಅಲ್ಲಿತ್ತು. ಕವುಚಿ ಹಾಕಿ, ಮೇಲೊಂದು ಸೈಜುಗಲ್ಲು ಹೇರಿದ್ದರು. ಒಳಗೆ ಕೋಳಿಮರಿಗಳು ನುಚ್ಚು ಹೆಕ್ಕುತ್ತಿದ್ದವು. ಹದ್ದಿನ ಕಾಟ, ಬೆಕ್ಕಿನ ಕಾಟ, ಏನು ಮಾಡೋದು ಹೇಳಿ ಎಂದರು. ಅಜ್ಜಿಯೊಬ್ಬರು ಬಾಗಿಲಲ್ಲಿ ಕೂತು ಆಗಾಗ ಬಾಗಿ ಮರಿಗಳನ್ನು ಎಣಿಸುತ್ತಿದ್ದರು. ಕಣದಲ್ಲಿ, ಯಂತ್ರ ಉಗುಳಿದ ದಿಂಡಿನ ಗುಡ್ಡೆಯ ಮೇಲೆ ಹತ್ತಿ, ಬೆಲ್ಟಿನ ಕಡೆಯ ಇಳಿಜಾರಿನಲ್ಲೇ ಜಾರಿ ಆಡುತ್ತಿದ್ದ ಮಕ್ಕಳನ್ನು ಎಣಿಸುವವರು ಯಾರೂ ಇರಲಿಲ್ಲ. ಆ ಯಂತ್ರದ ಕಂಪನಿಯವರಿಗೆ ನಾನು ಹೇಳುವುದಿಷ್ಟೆ: ಜಾಲರಿ ಬಹಳ ಗಟ್ಟಿಯಾಗಿದೆ, ಒಂದು ಮರಿಯೂ ಸತ್ತಿಲ್ಲವಂತೆ.

ಹೀಗೆ ಹುಡುಕುತ್ತಾ ಹೋದರೆ ನಮ್ಮ ಜಿಲ್ಲೆಯಲ್ಲಿ ಕಾಯದೆ ಬಿಟ್ಟ ವಸ್ತುವೇ ಇಲ್ಲ. ಹೊಳಲ್ಕೆರೆ, ಹೊಸದುರ್ಗದ ಅಡಿಕೆಯವರು ಅಂಗಳದಲ್ಲಿ ಒಣಹಾಕಿದ ಅಡಿಕೆಗೆ ಸಿಸಿಟಿವಿ ಹಾಕಿಸಿದ್ದಾರೆ, ರಾತ್ರಿ ಮಂಚ ಹಾಕಿಕೊಂಡು ಅದರ ಪಕ್ಕದಲ್ಲೇ ಮಲಗುತ್ತಾರೆ. ಅದೇ ಅಂಗಳದ ಮೂಲೆಯಲ್ಲಿ ಅಡಿಕೆ ಸುಲಿಯುವ ಯಂತ್ರ, ಅದರ ಬುಡದಲ್ಲಿ ಉರುಳಿ ಬಂದ ಕಾಯಿ ಆಯಲು ಕೂತ ಮಕ್ಕಳು. ಕ್ಯಾಮೆರಾ ಎರಡನ್ನೂ ನೋಡುತ್ತದೆ. ಮಾಲೀಕ ನೋಡುವುದು ಅಡಿಕೆಯನ್ನು. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ತಾಲ್ಲೂಕಿಗೆ ತಾಲ್ಲೂಕೇ ನೋಡಲು ಹೊರಟಿತು. ಟ್ರೈಲರ್ ತುಂಬಿಕೊಂಡು ಹೋಗುವುದು ನಮಗೇನು ಹೊಸದೇ, ನಾಯಕನಹಟ್ಟಿ ಜಾತ್ರೆಗೆ ಹೋಗುವುದೂ ಹಾಗೆಯೇ. ಮುಂದೆ ಎರಡಾಳು ಎತ್ತರದ ಡಿಜೆ ಸ್ಪೀಕರು, ಹಿಂದೆ ಜನ. ಸ್ಪೀಕರನ್ನು ನೈಲಾನ್ ಹಗ್ಗದಿಂದ ಎಡಕ್ಕೆರಡು ಬಲಕ್ಕೆರಡು ಸುತ್ತು ಬಿಗಿದು, ಗಂಟು ಜಗ್ಗಿ ನೋಡಿ, ಮೇಲೆ ಟಾರ್ಪಾಲು ಹೊದಿಸಿರುತ್ತಾರೆ. ಟ್ರೈಲರಿನ ಪಟ್ಟಿಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತ ಮಕ್ಕಳಿಗೆ ಹಗ್ಗವೂ ಇಲ್ಲ, ಟಾರ್ಪಾಲೂ ಇಲ್ಲ. ಸ್ಪೀಕರು ಬಾಡಿಗೆಯದು ಸ್ವಾಮಿ, ಬಿದ್ದರೆ ದುಡ್ಡು ಕಟ್ಟಬೇಕು. ಹಿಂದೆ ಕೆಂಪು ದೀಪವಿಲ್ಲದ ಆ ಟ್ರೈಲರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಐಮಂಗಲ ದಾಟುವಾಗ ಹಿಂದಿನಿಂದ ಬರುವ ಲಾರಿಯವನಿಗೆ ಹಾಡು ಕೇಳಿಸಬಹುದು, ಮಕ್ಕಳು ಕಾಣುವುದಿಲ್ಲ.

ಕೀ ವಿಷಯ ಹೇಳಲೇಬೇಕು. ಹಳೆಯ ಟ್ರ್ಯಾಕ್ಟರುಗಳಲ್ಲಿ ಕೀ ಎಂಬುದು ಇರುವುದಿಲ್ಲ. ಎಂದೋ ಕಳೆದಿದೆ, ಸ್ಕ್ರೂಡ್ರೈವರ್ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ, ಆ ಸ್ಕ್ರೂಡ್ರೈವರನ್ನು ಮಕ್ಕಳಿಗೆ ಗೊತ್ತಾಗದಿರಲೆಂದು ಸೀಟಿನ ಕೆಳಗೇ ಬಚ್ಚಿಟ್ಟಿರುತ್ತಾರೆ. ಬ್ಯಾಟರಿ ವೀಕಾಗಿದ್ದರೆ ಇನ್ನೂ ಸುಲಭ: ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸುವುದು, ಚಕ್ರಕ್ಕೊಂದು ಕಲ್ಲು ಕೊಡುವುದು, ಬೆಳಗ್ಗೆ ಕಲ್ಲು ತೆಗೆದು ಉರುಳಿಸಿ ಗೇರ್ ಬಿಡುವುದು. ಅಪ್ಪ ಹೀಗೆ ಮಾಡುವುದನ್ನು ಮಗ ಪ್ರತಿದಿನ ನೋಡುತ್ತಾನೆ. ಮಕ್ಕಳು ದೊಡ್ಡವರನ್ನು ನೋಡಿ ಕಲಿಯುವುದಿಲ್ಲ ಎಂದು ಯಾರು ಹೇಳಿದ್ದು? ಭಾನುವಾರ ಹಟ್ಟಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಅವನೂ ಕಲ್ಲು ತೆಗೆಯುತ್ತಾನೆ.

ಚಿತ್ರದುರ್ಗ ಎಂದ ಮೇಲೆ ಓಬವ್ವನ ಹೆಸರು ಬಾರದೆ ಇರುವುದಿಲ್ಲ. ಜಿಲ್ಲಾ ಕ್ರೀಡಾಂಗಣಕ್ಕೆ ಅವಳ ಹೆಸರಿದೆ, 2021ರಿಂದ ನವೆಂಬರ್ 11ಕ್ಕೆ ಸರ್ಕಾರಿ ಜಯಂತಿಯೂ ಇದೆ. ಭಾಷಣಗಳಲ್ಲಿ ಒನಕೆಯ ಬಗ್ಗೆ ಬೇಕಾದಷ್ಟು ಹೇಳುತ್ತಾರೆ. ಕಥೆಯ ಇನ್ನೊಂದು ಭಾಗವನ್ನು ಮಾತ್ರ ಮೆಲ್ಲಗೆ ದಾಟುತ್ತಾರೆ: ಕೋಟೆಯ ಕಿಂಡಿ ಕಾಯುವ ಡ್ಯೂಟಿ ಅವಳದ್ದಾಗಿರಲಿಲ್ಲ. ಗಂಡನದ್ದು. ಅವನು ಊಟಕ್ಕೆ ಕೂತಿದ್ದ. ಅವನನ್ನು ನಾನು ದೂರುವುದಿಲ್ಲ, ಹಸಿವು ಎಲ್ಲರಿಗೂ ಆಗುತ್ತದೆ. ಆದರೆ ಆ ಏರ್ಪಾಡು ನಮ್ಮ ಕಣಗಳಲ್ಲಿ ಇವತ್ತಿಗೂ ಜಾರಿಯಲ್ಲಿದೆ. ಗಂಡ ಊಟಕ್ಕೆ ಏಳುತ್ತಾನೆ. ಎಂಜಿನ್ ಆರಿಸುವುದಿಲ್ಲ, ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವುದು ಯಾರಿಗೆ ಗೊತ್ತು. ಹೋಗುತ್ತಾ ಹೋಗುತ್ತಾ 'ಏಯ್, ಹುಡುಗನ್ನ ನೋಡ್ಕೊ' ಎಂದು ಗಾಳಿಗೆ ಒಂದು ಮಾತು ಬಿಡುತ್ತಾನೆ. ಹೆಂಡತಿಯ ಒಂದು ಕೈಯಲ್ಲಿ ಮೊರ, ಇನ್ನೊಂದರಲ್ಲಿ ಚೀಲದ ಬಾಯಿ, ಆಳುಗಳಿಗೆ ಬುತ್ತಿ ಬಿಚ್ಚಿಕೊಡುವುದು ಬಾಕಿ, ಸೊಂಟದ ಮೇಲೆ ಇನ್ನೊಂದು ಕೂಸು. ಧೂಳು ಎಷ್ಟೆಂದರೆ ಎದುರಿನವರ ಮುಖ ಕಾಣದು. ಯಂತ್ರದ ಸದ್ದಿಗೆ ಗಂಡ ಹೇಳಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ಆಮೇಲೆ ಊರು ಸೇರಿದಾಗ, ಬಂದವರೆಲ್ಲ, ಗಂಡಸರು ಹೆಂಗಸರೆನ್ನದೆ, ಅತ್ತೆ ನಾದಿನಿಯರೆನ್ನದೆ, ಒಂದೇ ಪ್ರಶ್ನೆಯನ್ನು ಅವಳೊಬ್ಬಳಿಗೇ ಕೇಳುತ್ತಾರೆ: 'ನೀನೇನ್ ಮಾಡ್ತಿದ್ದೆ?' ಮಗು ಮಡ್‌ಗಾರ್ಡ್ ಮೇಲಿದ್ದಾಗ ಅಪ್ಪನ ಮಗ. ಚಕ್ರದ ಕೆಳಗೆ ಹೋದಾಗ ಅಮ್ಮನ ಮಗ.

ಅಪ್ಪನಿಗೂ ದುಃಖವಿಲ್ಲವೆಂದಲ್ಲ. ಅವನ ಸಂಕಟಕ್ಕೆ ನಾನು ನಗಲಾರೆ. ನನ್ನ ತಕರಾರು ಇರುವುದು ಅದರ ಹಿಂದಿನ ದಿನದ ನಗುವಿನ ಬಗ್ಗೆ. ಮುಂಚೆ ಹೆಮ್ಮೆ, ಆಮೇಲೆ ಹಣೆಬರಹ. ಈ ಎರಡರ ನಡುವೆ 'ಬೇಡ, ಇಳಿ' ಎನ್ನಬೇಕಾಗಿದ್ದ ಮನುಷ್ಯ ಯಾರೆಂದು ಕೇಳಿದರೆ ಎಲ್ಲರೂ ಆಕಾಶ ತೋರಿಸುತ್ತಾರೆ.

ಸುದ್ದಿಯ ಲೋಕಕ್ಕೂ ಇದರಲ್ಲಿ ಅಷ್ಟು ರುಚಿಯಿಲ್ಲ. ಕೊಳವೆಬಾವಿಯಾದರೆ ಬೇರೆ ಮಾತು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಮಗು ಕೊಳವೆಬಾವಿಗೆ ಬಿದ್ದಾಗ ನಾಡಿಗೆ ನಾಡೇ ಟಿವಿ ಮುಂದೆ ಕೂತಿತು. ಸುಮಾರು 20 ಗಂಟೆ ಅಗೆದು ಮಗುವನ್ನು ಜೀವಂತ ಎತ್ತಿದರು, ಎಲ್ಲರಿಗೂ ಒಳ್ಳೆಯದಾಯಿತು. ಬಾವಿ ಮನೆಯವರದೇ ಹೊಲದ್ದು. ಕೊಳವೆಬಾವಿಗೆ ಮುಚ್ಚಳ ಹಾಕಿ, ಸುತ್ತ ಬೇಲಿ ಕಟ್ಟಿ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಆ ಬೇಲಿ ಎಷ್ಟು ಕಡೆ ಎದ್ದಿದೆ ಎಂಬ ಪ್ರಶ್ನೆ ಬೇರೆ. ನಾನು ಹೇಳಹೊರಟಿದ್ದು ಏನೆಂದರೆ, ಕೊಳವೆಬಾವಿ 20 ಗಂಟೆ ಕೊಡುತ್ತದೆ. ಕ್ಯಾಮೆರಾ ಬರಲು, ಶಾಸಕರು ಬರಲು, ಜೆಸಿಬಿ ಬರಲು, ಪೂಜೆ ಪುನಸ್ಕಾರ ನಡೆಯಲು ಸಮಯವಿದೆ. ಪಿಟಿಒ ಒಂದು ಸೆಕೆಂಡು ಕೊಡುತ್ತದೆ. ಅದರಲ್ಲಿ ನೇರಪ್ರಸಾರ ಮಾಡುವುದಾದರೂ ಏನನ್ನು? ಮಾರನೇ ದಿನ ಜಿಲ್ಲಾ ಪುಟದ ಕೆಳಮೂಲೆಯಲ್ಲಿ ನಾಲ್ಕು ಸಾಲು, ಪಕ್ಕದಲ್ಲಿ ಈರುಳ್ಳಿ ಧಾರಣೆ.

ಕಾನೂನೇ ಇಲ್ಲವೇ ಎಂದು ಕೇಳಬೇಡಿ, ನಮ್ಮಲ್ಲಿ ಎಲ್ಲದಕ್ಕೂ ಇದೆ. ಒಕ್ಕಣೆ ಯಂತ್ರಗಳು ಉತ್ತರದ ಗೋಧಿ ಸೀಮೆಯಲ್ಲಿ ಕೈಗಳನ್ನು ತಿನ್ನಲು ಶುರುಮಾಡಿದ ಮೇಲೆ 1983ರಲ್ಲೇ ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆಂದು ಕೇಂದ್ರ ಕಾಯಿದೆ ಬಂತು. ಅದರ ಹೆಸರು ಕೇಳಿದ ಯಂತ್ರ ಮಾಲೀಕರು ನಮ್ಮ ಜಿಲ್ಲೆಯಲ್ಲಿ ನನಗಿನ್ನೂ ಸಿಕ್ಕಿಲ್ಲ. ಬಾಲಕಾರ್ಮಿಕ ಕಾಯಿದೆಯ ಅನುಸೂಚಿಯಲ್ಲಿ ಟ್ರ್ಯಾಕ್ಟರು, ಒಕ್ಕಣೆ ಮತ್ತು ಕೊಯ್ಲು ಯಂತ್ರ ಬಳಸುವ ಕೆಲಸವನ್ನೂ ಮೇವು ಕತ್ತರಿಸುವುದನ್ನೂ ಅಪಾಯದ ಪಟ್ಟಿಗೆ ಎಂದೋ ಸೇರಿಸಿದರು. 2016ರ ತಿದ್ದುಪಡಿ ಬಂದಾಗ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಮನೆಯ ಕೆಲಸಕ್ಕೆ ಮಕ್ಕಳು ಕೈಜೋಡಿಸಬಹುದು, ಆದರೆ ಅಪಾಯದ ಕೆಲಸಕ್ಕಲ್ಲ ಎಂದಿತು. ನಮ್ಮವರು ಮೊದಲರ್ಧ ಮಾತ್ರ ಕೇಳಿಸಿಕೊಂಡರು. ದಸರಾ ರಜೆ ಬರುವುದೂ, ಶೇಂಗಾ ಬಿಡಿಸುವ, ಮೆಕ್ಕೆಜೋಳ ಮುರಿಯುವ, ಅಡಿಕೆ ಸುಲಿಯುವ ಕೆಲಸ ಒಟ್ಟಿಗೆ ಬೀಳುವುದೂ ಒಂದೇ ಕಾಲಕ್ಕೆ. ಯಂತ್ರಕ್ಕೆ ಬಿಡುವಿಲ್ಲ, ಮಕ್ಕಳಿಗೆ ಬಿಡುವೋ ಬಿಡುವು.

ಮೋಟಾರು ವಾಹನ ಕಾಯಿದೆಗೆ 2019ರಲ್ಲಿ 199ಎ ಎಂಬ ಕಲಂ ಸೇರಿತು. ಅಪ್ರಾಪ್ತರ ಕೈಗೆ ವಾಹನ ಸಿಕ್ಕಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ವಾಹನದ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಪ್ಪನಿಗೆ ಗೊತ್ತಿದ್ದೇ ಕೊಟ್ಟಿದ್ದಾನೆ ಎಂದು ನ್ಯಾಯಾಲಯ ಮೊದಲೇ ಭಾವಿಸಿಕೊಳ್ಳುತ್ತದೆ. ಇಲ್ಲ ಎಂದು ತೋರಿಸುವುದು ಅಪ್ಪನ ಕೆಲಸ. ಮಗನಿಗೆ ಸ್ಕೂಟರ್ ಕೊಟ್ಟು 25,000 ಕಟ್ಟಿ ಬಂದ ಅಪ್ಪಂದಿರ ಸುದ್ದಿ ಸುತ್ತಮುತ್ತಲ ಜಿಲ್ಲೆಗಳಿಂದ ಆಗಾಗ ಬರುತ್ತಿರುತ್ತದೆ. ಪೇಟೆಯ ಅಪ್ಪನನ್ನು ಹಿಡಿಯಲು ಸರ್ಕಲ್ಲಿನಲ್ಲಿ ಪೊಲೀಸರಿದ್ದಾರೆ. ಹೊಲಕ್ಕೆ ಸರ್ಕಲ್ ಎಲ್ಲಿದೆ? ಆರು ವರ್ಷದ ಹುಡುಗ ರಾಮಗಿರಿ ಕಡೆಯ ಬದುವಿನಲ್ಲಿ ಸ್ಟೇರಿಂಗ್ ತಿರುಗಿಸುತ್ತಿದ್ದರೆ ಸಿಳ್ಳೆ ಹೊಡೆಯುವವರು ಪೊಲೀಸರಲ್ಲ, ಚಿಕ್ಕಪ್ಪಂದಿರು.

ಕೊನೆಗೆ ಪೊಲೀಸರು ಬರುತ್ತಾರೆ, ಪಂಚನಾಮೆಗೆ. ನಿರ್ಲಕ್ಷ್ಯದಿಂದ ಸಾವು ತಂದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಇಲ್ಲಿ ದೂರು ಕೊಡಬೇಕಾದವನೂ ಅಪ್ಪ, ಆರೋಪಿಯಾಗಬೇಕಾದವನೂ ಅಪ್ಪ, ಮೊದಲ ಸಾಕ್ಷಿಯೂ ಅಪ್ಪ. ಯಾವ ಪಿಎಸ್‌ಐಗೆ ಎದೆ ಬರುತ್ತದೆ? ಯಂತ್ರ ಪಕ್ಕದ ಊರಿನವರದಾಗಿದ್ದರೆ ಹೊಣೆಗಾರಿಕೆಯ ಪ್ರಶ್ನೆ ತಟ್ಟನೆ ಹುಟ್ಟುತ್ತದೆ. ಅರಳಿಕಟ್ಟೆಯ ಮೇಲೆ ಪಂಚಾಯ್ತಿ ಸೇರಿ, ಇಷ್ಟು ಕೊಟ್ಟುಬಿಡಿ ಎಂದು ಮಗುವಿನ ಬೆಲೆ ಹರಾಜಿನ ದನಿಯಲ್ಲೇ ಏರಿಳಿಯುತ್ತದೆ. ಯಂತ್ರ ಮನೆಯದ್ದಾದರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಇದೇನು ನಮ್ಮ ಹಳ್ಳಿಗರ ಜಾಣತನ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 16 ವರ್ಷಕ್ಕಿಂತ ಚಿಕ್ಕವರನ್ನು ಕೃಷಿಯ ಅಪಾಯಕಾರಿ ಕೆಲಸಗಳಿಗೆ ಕೂಲಿಗೆ ಹಚ್ಚುವಂತಿಲ್ಲ. ಆದರೆ ಹೊಲ ಸ್ವಂತ ಅಪ್ಪ ಅಮ್ಮನದಾದರೆ ಆ ನಿಯಮಕ್ಕೆ ವಿನಾಯಿತಿ! 2011ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆ ಇಂಥ ನಿಯಮಗಳನ್ನು ಬಿಗಿ ಮಾಡಹೊರಟಾಗ ರೈತ ಸಂಘಟನೆಗಳು ತಿರುಗಿಬಿದ್ದವು, 2012ರ ಏಪ್ರಿಲ್‌ನಲ್ಲಿ ಸರ್ಕಾರ ಬಾಲ ಮುದುರಿಕೊಂಡಿತು. ಕನ್ನಡ ಬಾರದಿದ್ದರೂ ಅಯೋವಾದ ಅಪ್ಪ ನಮ್ಮ ಹೊಸದುರ್ಗದ ಅಪ್ಪನ ನೆಂಟನೇ. ಬ್ರಿಟನ್ನಿನವರು ಸ್ವಲ್ಪ ಕಠಿಣ: 13 ತುಂಬದ ಮಗುವನ್ನು ಕೃಷಿ ಕೆಲಸದಲ್ಲಿರುವ ಟ್ರ್ಯಾಕ್ಟರಿನ ಮೇಲೆ ಕೂರಿಸಿಕೊಂಡು ಹೋಗುವುದನ್ನೂ 1998ರ ನಿಯಮದಲ್ಲಿ ನಿಷೇಧಿಸಿದ್ದಾರೆ. ಅಪ್ಪ ಅಮ್ಮನಿಗೂ ಅದರಲ್ಲಿ ರಿಯಾಯಿತಿಯಿಲ್ಲ.

'ಸರ್ಕಾರ ಏನ್ ಮಾಡ್ತೈತೆ' ಎಂಬ ಮಾತನ್ನೂ ಒಪ್ಪುತ್ತೇನೆ, ಅದು ಇಲ್ಲದೆ ನಮ್ಮಲ್ಲಿ ಯಾವ ಬರಹವೂ ಮುಗಿಯಬಾರದು. ಕೃಷಿ ಇಲಾಖೆ ಯಂತ್ರಗಳಿಗೆ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟರಿಗೆ ಶೇ 90ರವರೆಗೆ ಸಹಾಯಧನ ಕೊಡುತ್ತದೆ. ಪಹಣಿ, ಆಧಾರ್, ಪಾಸ್‌ಬುಕ್ಕು, ಫೋಟೊ ಎಲ್ಲ ಕೇಳುತ್ತದೆ. ಯಂತ್ರದ ಬೆಲ್ಟಿಗೆ ಮುಚ್ಚಳ ಈಗಲೂ ಇದೆಯೇ ಎಂದು ಮುಂದಿನ ಸುಗ್ಗಿಯಲ್ಲಿ ಬಂದು ನೋಡುವ ಅಧಿಕಾರಿಯನ್ನು ಅದು ಇನ್ನೂ ನೇಮಿಸಿಲ್ಲ. ಉದ್ಯೋಗ ಖಾತ್ರಿ ಕೂಲಿಯವರ ಎಳೆಗೂಸುಗಳಿಗೆಂದು 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯ್ತಿಗಳಿಗೆ 'ಕೂಸಿನ ಮನೆ' ಘೋಷಣೆಯಾಯಿತು, ಒಳ್ಳೆಯ ಯೋಜನೆ. ಅಲ್ಲಿಗೆ ಮೂರು ವರ್ಷದವರೆಗಿನ ಮಕ್ಕಳು. ಆಮೇಲೆ ಅಂಗನವಾಡಿ, ಅದು ಸಂಜೆ ನಾಲ್ಕಕ್ಕೆ ಬಾಗಿಲು ಹಾಕುತ್ತದೆ. ಕಣದ ಕೆಲಸ ನಾಲ್ಕಕ್ಕೆ ಮುಗಿಯುವುದಿಲ್ಲ, ಬಾಡಿಗೆ ಯಂತ್ರ ರಾತ್ರಿ ಹನ್ನೊಂದಕ್ಕೆ ಬಂದರೆ ಹನ್ನೊಂದಕ್ಕೇ ಶುರು. ಬೇರೆಯವರ ಕಣಕ್ಕೆ ದಿನಗೂಲಿಗೆ ಬಂದ ಹೆಣ್ಣುಮಗಳು ಕೂಸನ್ನು ಸೀರೆಯ ಜೋಲಿಯಲ್ಲಿ ಬೇವಿನ ಮರಕ್ಕೆ ಕಟ್ಟಿ ದುಡಿಯುತ್ತಾಳೆ. ಅವಳಿಗೆ ಜವಾಬ್ದಾರಿಯ ಪಾಠ ಹೇಳುವ ಮುಖ ನನಗಿಲ್ಲ, ನಿಮಗೂ ಇರಬಾರದು. ನಾನು ಮಾತಾಡುತ್ತಿರುವುದು ಅವಳ ಬಗ್ಗೆ ಅಲ್ಲ. ಟ್ರ್ಯಾಕ್ಟರಿಗೆ ಹೊಸ ಹಾರ್ನ್, ಹೊಸ ಬಂಪರ್, ಬಣ್ಣದ ಕುಚ್ಚು, ಬಾನೆಟ್ಟಿನ ಮೇಲೆ ಮಗನ ಹೆಸರು ಬರೆಸಲು ದುಡ್ಡಿದ್ದು, ಪಿಟಿಒ ಮುಚ್ಚಳಕ್ಕೆ ಮಾತ್ರ 'ಈಗ ಯಾಕೆ ಬಿಡಣ್ಣ' ಎನ್ನುವವರ ಬಗ್ಗೆ. ಚಿತ್ರದುರ್ಗದ ಬಿ.ಡಿ. ರಸ್ತೆಯ ಕಡೆ ಬಿಡಿಭಾಗ ಮಾರುವ ಒಬ್ಬರನ್ನು ಆ ಮುಚ್ಚಳ ಸಿಗುತ್ತದೆಯೇ ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ತರಿಸ್ಕೊಡ್ತೀನಿ ಸಾರ್, ಯಾವ ಟ್ರ್ಯಾಕ್ಟ್ರು?' ಎಂದರು. ನನಗೆ ಟ್ರ್ಯಾಕ್ಟರ್ ಇಲ್ಲ ಎಂದೆ. 'ಅದಕ್ಕೇ ಕೇಳ್ತಿದೀರಿ' ಎಂದರು.

ಇಷ್ಟೆಲ್ಲ ನೋಡಿದ ಮೇಲೆ ನನಗೊಂದು ಉಪಾಯ ಹೊಳೆದಿದೆ. ಸಾಲದ ಟ್ರ್ಯಾಕ್ಟರನ್ನು ರೈತ ರಾತ್ರಿ ಮಂಜಿಗೆ ಬಿಡುವುದಿಲ್ಲ. ಬಾಡಿಗೆ ಸ್ಪೀಕರನ್ನು ಹಗ್ಗವಿಲ್ಲದೆ ಸಾಗಿಸುವುದಿಲ್ಲ. ಕಂತು ಕಟ್ಟುತ್ತಿರುವ ಮೊಬೈಲನ್ನು ಮಗುವಿನ ಕೈಗೂ ಕೊಡುವುದಿಲ್ಲ. ಅಂದಮೇಲೆ ನಮ್ಮ ಮಕ್ಕಳ ತೊಂದರೆ ಒಂದೇ: ಅವರು ಪೂರ್ತಿ ನಮ್ಮವರು, ಯಾರಿಗೂ ಬಾಕಿ ಇಲ್ಲ. ಹಾಗಾಗಿ ಹೆರಿಗೆ ಆಸ್ಪತ್ರೆಯಲ್ಲೇ ಪ್ರತಿ ಮಗುವನ್ನೂ ಯಾವುದಾದರೊಂದು ರಾಷ್ಟ್ರೀಕೃತ ಬ್ಯಾಂಕಿಗೆ ಅಡಮಾನ ಮಾಡಿಬಿಡಬೇಕು. ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿಯ ಹೆಸರಿನ ಕೆಳಗೆ ಬ್ಯಾಂಕಿನ ಹೆಸರು. 18 ತುಂಬುವವರೆಗೆ ತಿಂಗಳು ತಿಂಗಳು ಕಂತು. ಆಸನ ಸಂಖ್ಯೆ ಮೀರಿ ಕೂರಿಸಿದರೆ ದಂಡದ ಬಡ್ಡಿ, ಮಡ್‌ಗಾರ್ಡ್ ಮೇಲೆ ಕಂಡುಬಂದರೆ ಮ್ಯಾನೇಜರ್ ಬಂದು ಮಗುವನ್ನು ಜಪ್ತಿ ಮಾಡಿಕೊಂಡು ಹೋಗುವುದು. ಆಗ ನೋಡಿ ಹೇಗೆ ಅಪ್ಪಂದಿರು ಕಣದಲ್ಲಿ ಎಂಜಿನ್ ಆರಿಸಿ ಊಟಕ್ಕೆ ಏಳುತ್ತಾರೆ, ಜಾಲರಿಯನ್ನು ಹಿತ್ತಲಿನಿಂದ ಎತ್ತಿ ತರುತ್ತಾರೆ, ಸಂಜೆಯಾಗುತ್ತಲೇ ಮಕ್ಕಳನ್ನು ಎಣಿಸಿ ಮೇಲೆ ಟಾರ್ಪಾಲು ಹೊದಿಸುತ್ತಾರೆ.

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಈ ಯೋಜನೆಯನ್ನು ಒಬ್ಬರಿಗೆ ವಿವರವಾಗಿ ಹೇಳಿದೆ. ಅವರು ಲೋಟ ಕೆಳಗಿಟ್ಟು, ಬಹಳ ಹೊತ್ತು ಯೋಚಿಸಿ, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೇಳಿದರು: 'ಸಾಲದಾಗೆ ಸಬ್ಸಿಡಿ ಎಷ್ಟು ಐತಣ್ಣ?'